ಪೆಟ್ಟಿಗೆಯ ಮೇಲಣ ಅಂಕಿಗಳು

ಮನೆಗೊಂದು ಟೆಲಿವಿಷನ್ ಯಂತ್ರವನ್ನು ಕೊಳ್ಳುವುದು ಮಧ್ಯಮ ವರ್ಗದ ಸಂಸಾರಕ್ಕೆ ಇಂದಿಗೂ ಸಣ್ಣ ವಿಷಯವಲ್ಲ. ಒಂದು ಸಲ ಕೊಂಡರೆ ಹಲವು ವರ್ಷ ಅದರೊಡನೆಯೇ ಬಾಳಬೇಕು. ಹಿರಿಯರು ಅದರಲ್ಲಿ ಚಲನಚಿತ್ರಗಳನ್ನು ನೋಡಬೇಕೆನ್ನುತ್ತಾರೆ. ಕಿರಿಯರು ಅದಕ್ಕೆ ಆಟದ ಯಂತ್ರವನ್ನು ಜೋಡಿಸಬೇಕೆನ್ನುತ್ತಾರೆ. ಹಣದ ಚೀಲವಾದರೋ ಒಂದೇ. ಇಂಥ ಸಂದರ್ಭದಲ್ಲಿ ಕೊಳ್ಳುವವನಿಗೆ ದಾರಿ ತೋರಬೇಕಾದುವು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗಳು. ಆದರೆ ಅವು ದಾರಿ ತೋರುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು ಎಂದು ಹೇಳುವುದಕ್ಕಾಗಿ ಈ ಲೇಖನವನ್ನು ಬರೆಯಬೇಕಾಗಿದೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವನು. ಎರಡು ಧ್ರುವಕ ಫಲಕಗಳನ್ನು ಒಂದಕ್ಕೊಂದು ಅಡ್ಡಲಾಗಿ ಹಿಡಿದರೆ ಬೆಳಕು ನಿಲ್ಲುವುದೆಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ತೋರಿಸುತ್ತ ಬಂದಿದ್ದೇನೆ. ಹೀಗಿದ್ದೂ, ಕೆಲವು ವರ್ಷಗಳ ಹಿಂದೆ ತಮ್ಮನೂ ನಾನೂ ಕೂಡಿಸಿಟ್ಟಿದ್ದ ಮೂವತ್ತು ಸಾವಿರ ರೂಪಾಯಿಗಳನ್ನು ಹಿಡಿದು ಅಂಗಡಿಗೆ ಹೋದಾಗ ಕಲಿಸಿದುದೆಲ್ಲವೂ ಮರೆತುಹೋಯಿತು. ‘೪ಕೆ’ ಮತ್ತು ‘ಎಚ್‌ಡಿಆರ್’ ಎಂಬ ಎರಡು ಮುದ್ರೆಗಳನ್ನು ನಂಬಿ ೪೩ ಅಂಗುಲದ ಯಂತ್ರವೊಂದನ್ನು ಮನೆಗೆ ತಂದೆವು. ಅಂಗಡಿಯ ಪ್ರಖರ ದೀಪಗಳ ಕೆಳಗೆ ಅದು ನವಿಲಿನಂತೆ ಮೆರೆದಿತ್ತು. ರಾತ್ರಿ ಮನೆಯ ದೀಪವಾರಿಸಿ ಚಲನಚಿತ್ರ ನೋಡಲು ಕುಳಿತರೆ, ಕಾಡಿನ ಕಾರ್ಗತ್ತಲೆಯಿರಬೇಕಾದೆಡೆಯಲ್ಲಿ ಬೂದುಬಣ್ಣದ ಮಂಜು ಕವಿದಿತ್ತು. ತಮ್ಮನು ಫುಟ್‌ಬಾಲ್ ಆಡಲು ಕುಳಿತರೆ, ಗುಂಡಿಯನ್ನು ಒತ್ತಿದ ಮೇಲೆ ಪರದೆಯ ಆಟಗಾರನು ಯೋಚಿಸಿ ಯೋಚಿಸಿ ಓಡುತ್ತಿದ್ದನು. ಅಮ್ಮನವರು ಸ್ವಲ್ಪ ಹೊತ್ತು ನೋಡಿ, “ಇದರಲ್ಲಿ ಕತ್ತಲೆಗೂ ದೀಪ ಹಚ್ಚಿಟ್ಟಿದ್ದಾರಲ್ಲ!” ಎಂದರು.

ಅವರ ಮಾತು ಅಕ್ಷರಶಃ ಸತ್ಯವಾದುದು. ‘ಎಲ್‌ಇಡಿ ಟೀವಿ’ ಎಂಬ ಹೆಸರಿನಿಂದ ಮಾರಾಟವಾಗುವ ಯಂತ್ರಗಳಲ್ಲಿ ಚಿತ್ರವನ್ನು ಮೂಡಿಸುವುದು ಎಲ್‌ಇಡಿ ಅಲ್ಲ, ದ್ರವ ಸ್ಫಟಿಕ. ಎಲ್‌ಇಡಿ ದೀಪಗಳು ಹಿಂದೆ ನಿಂತು ಉರಿಯುತ್ತಿರುತ್ತವೆ, ಅಷ್ಟೆ. ಅವುಗಳ ಮುಂದೆ ಎರಡು ಧ್ರುವಕ ಫಲಕಗಳು. ಆ ಫಲಕಗಳ ನಡುವೆ ದ್ರವ ಸ್ಫಟಿಕದ ತೆಳುಪದರ. ೧೮೮೮ರಲ್ಲಿ ಫ್ರೀಡ್ರಿಶ್ ರೈನಿಟ್ಜರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿಯ ಕಣ್ಣಿಗೆ ಬಿದ್ದ ಈ ಬಗೆಯ ಪದಾರ್ಥವು ದ್ರವದಂತೆ ಹರಿಯುತ್ತದೆ. ಆದರೂ ಅದರ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ಕ್ರಮದಲ್ಲಿ ನಿಲ್ಲುತ್ತವೆ. ವಿದ್ಯುತ್ತಿನಿಂದ ಆ ಅಣುಗಳ ದಿಕ್ಕನ್ನು ಬದಲಾಯಿಸಿ, ಪ್ರತಿಯೊಂದು ಚಿತ್ರಕಣದಲ್ಲಿಯೂ, ಎಂದರೆ ಪಿಕ್ಸೆಲ್ಲಿನಲ್ಲಿಯೂ, ಬೆಳಕಿನ ಬಾಗಿಲನ್ನು ತೆರೆಯಬಹುದು, ಮುಚ್ಚಬಹುದು. ಆದರೆ ಈ ಬಾಗಿಲು ಪೂರ್ತಿಯಾಗಿ ಮುಚ್ಚುವುದಿಲ್ಲ. ಸಂದಿಯಿಂದ ಸೋರಿದ ಬೆಳಕೇ ನಮ್ಮ ಕಾಡಿನಲ್ಲಿ ಕವಿದಿದ್ದ ಮಂಜು.

ಬಾಗಿಲು ತೆರೆದಾಗಿನ ಬೆಳಕಿಗೂ ಮುಚ್ಚಿದಾಗಿನ ಸೋರಿಕೆಗೂ ಇರುವ ಪ್ರಮಾಣವನ್ನು ಕಾಂಟ್ರಾಸ್ಟ್ ಎನ್ನುತ್ತಾರೆ. ಐಪಿಎಸ್ ಎಂಬ ಜಾತಿಯ ಪರದೆಗಳಲ್ಲಿ ಇದು ಸುಮಾರು ೧,೦೦೦ಕ್ಕೆ ಒಂದು. ವಿಎ ಎಂಬ ಜಾತಿಯಲ್ಲಿ ೩,೦೦೦ಕ್ಕೆ ಒಂದು ಅಥವಾ ಅದಕ್ಕೂ ಮೇಲು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಎರಡು ಯಂತ್ರಗಳ ನಡುವೆ ಕತ್ತಲೆಯ ವಿಷಯದಲ್ಲಿ ಮೂರು ಪಟ್ಟು ಅಂತರವಿರಬಹುದು. ಒಎಲ್‌ಇಡಿ ಪರದೆಯಲ್ಲಿ ಪ್ರತಿಯೊಂದು ಚಿತ್ರಕಣವೂ ತಾನೇ ದೀಪವಾದುದರಿಂದ ಅದನ್ನು ಆರಿಸಿಬಿಡಬಹುದು. ಅದರ ಬೆಲೆ ಮಾತ್ರ ಬಡಪಾಯಿಗೆ ಎಟುಕದು. ನಡುವಣ ದಾರಿಯೂ ಒಂದುಂಟು. ಹಿಂಬದಿಯ ದೀಪಗಳನ್ನು ವಲಯಗಳಾಗಿ ವಿಂಗಡಿಸಿ, ಚಿತ್ರದಲ್ಲಿ ಕತ್ತಲೆಯಿರುವೆಡೆ ಆ ವಲಯವನ್ನು ಮಬ್ಬಾಗಿಸುವ ಈ ಏರ್ಪಾಡಿಗೆ ಲೋಕಲ್ ಡಿಮ್ಮಿಂಗ್ ಎಂದು ಹೆಸರು. ಇಷ್ಟು ಮುಖ್ಯವಾದ ಕಾಂಟ್ರಾಸ್ಟ್ ಸಂಖ್ಯೆಯು ನಾವು ಕೊಂಡ ಯಂತ್ರದ ಪೆಟ್ಟಿಗೆಯ ಮೇಲೆ ಎಲ್ಲಿಯೂ ಇರಲಿಲ್ಲ.

ಇದ್ದುದು ೪ಕೆ. ಅಡ್ಡಲಾಗಿ ೩,೮೪೦, ನೇರವಾಗಿ ೨,೧೬೦ ಚಿತ್ರಕಣಗಳು ಎಂದು ಇದರ ಅರ್ಥ. ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ೬೦ರಲ್ಲೊಂದು ಪಾಲಿಗಿಂತ ಸೂಕ್ಷ್ಮವಾದುದನ್ನು ಬಿಡಿಸಿ ನೋಡಲಾರದು. ಎಂಟು ಅಡಿ, ಎಂದರೆ ಸುಮಾರು ೨.೪ ಮೀಟರ್ ದೂರದಲ್ಲಿ ಈ ಕೋನವು ೦.೭ ಮಿಲಿಮೀಟರಿಗೆ ಸಮ. ೪೩ ಅಂಗುಲದ ಪರದೆಯ ಅಗಲ ೯೫ ಸೆಂಟಿಮೀಟರ್. ಅದರಲ್ಲಿ ೪ಕೆ ಚಿತ್ರಕಣದ ಅಗಲ ೦.೨೫ ಮಿಲಿಮೀಟರ್, ಹಳೆಯ ಫುಲ್ ಎಚ್‌ಡಿಯದು ೦.೫. ಎರಡೂ ೦.೭ಕ್ಕಿಂತ ಕಡಮೆಯೇ! ಎಂಟು ಅಡಿಯಾಚೆ ಸೋಫಾದಲ್ಲಿ ಕುಳಿತವನಿಗೆ ಇವೆರಡರ ಭೇದವು ಕಾಣುವುದು ದುರ್ಲಭ. ೪೩ ಅಂಗುಲ ಮತ್ತು ಅದಕ್ಕೂ ದೊಡ್ಡ ಯಂತ್ರಗಳಲ್ಲಿ ಇಂದು ೪ಕೆ ಸಾಮಾನ್ಯವಾಗಿಬಿಟ್ಟಿದೆ. ಅದಿದ್ದರೆ ಇರಲಿ, ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದನ್ನೇ ಮುಖ್ಯ ಗುಣವೆಂದು ಬಗೆದು ಹಣ ಸುರಿಯುವುದು ಕಾಣದ ವಸ್ತುವಿಗೆ ಬೆಲೆ ತೆತ್ತಂತೆ.

ಎಚ್‌ಡಿಆರ್ ಮುದ್ರೆಯ ಕಥೆ ಇದಕ್ಕಿಂತ ಕನಿಕರದ್ದು. ಇದರ ತಳಹದಿಯಾಗಿ ೨೦೧೪ರಲ್ಲಿ ಗೊತ್ತುಪಡಿಸಿದ ಸೂತ್ರವು ಚದರ ಮೀಟರಿಗೆ ೧೦,೦೦೦ ಕ್ಯಾಂಡೆಲಾಗಳವರೆಗಿನ ಬೆಳಕನ್ನು ವರ್ಣಿಸಬಲ್ಲುದು. ೨೦೧೬ರ ಜನವರಿಯಲ್ಲಿ ಯುಎಚ್‌ಡಿ ಅಲಯನ್ಸ್ ಎಂಬ ಉದ್ಯಮ ಸಂಘವು ಉತ್ತಮ ಪರದೆಗೊಂದು ಮಟ್ಟವನ್ನು ಹಾಕಿಕೊಟ್ಟಿತು: ಬೆಳಗು ೧,೦೦೦ ಕ್ಯಾಂಡೆಲಾಕ್ಕಿಂತ ಹೆಚ್ಚು, ಕಪ್ಪು ೦.೦೫ಕ್ಕಿಂತ ಕಡಮೆ, ಇಲ್ಲವೆ ಬೆಳಗು ೫೪೦ಕ್ಕಿಂತ ಹೆಚ್ಚು, ಕಪ್ಪು ೦.೦೦೦೫ಕ್ಕಿಂತ ಕಡಮೆ. ಬೆಳಗು ತಗ್ಗಿದರೂ ಕಪ್ಪು ಗಾಢವಾಗಿದ್ದರೆ ಸಾಕೆಂದು ತಜ್ಞರೇ ಒಪ್ಪಿದುದನ್ನು ವಾಚಕರು ಗಮನಿಸಬೇಕು. ಅಗ್ಗದ ಯಂತ್ರವೊಂದು ೩೦೦ ಕ್ಯಾಂಡೆಲಾ ಬೆಳಗಿ, ಅದರ ಕಾಂಟ್ರಾಸ್ಟ್ ೧,೦೦೦ ಆಗಿದ್ದರೆ, ಕಪ್ಪೆಂದು ಕರೆಯುವೆಡೆಯಲ್ಲಿಯೂ ೦.೩ ಕ್ಯಾಂಡೆಲಾ ಉಳಿಯುತ್ತದೆ. ಅಂಥದರ ಮೇಲೂ ಎಚ್‌ಡಿಆರ್ ಮುದ್ರೆ ಇರುತ್ತದೆ. ಏಕೆಂದರೆ ಅದು ಎಚ್‌ಡಿಆರ್ ಸಂಕೇತವನ್ನು ಓದಬಲ್ಲುದು. ಸ್ವರಲಿಪಿಯನ್ನು ಓದಬಲ್ಲವರೆಲ್ಲರೂ ಹಾಡಬಲ್ಲರೆ?

ಇನ್ನು ಆಟದ ವಿಷಯ. ತಮ್ಮನ ದೂರನ್ನು ಅಳೆದೇ ನೋಡೋಣವೆಂದು ಮೊಬೈಲ್ ದೂರವಾಣಿಯ ಕ್ಯಾಮರಾವನ್ನು ಸೆಕೆಂಡಿಗೆ ೨೪೦ ಚಿತ್ರಗಳ ನಿಧಾನಗತಿಗೆ ಇಟ್ಟು, ಗುಂಡಿಯನ್ನು ಒತ್ತುವ ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಚಿತ್ರಿಸಿದೆ. ಒತ್ತಿದ ಕ್ಷಣದಿಂದ ಪರದೆಯಲ್ಲಿ ಚಲನೆ ತೋರುವವರೆಗೆ ೪೨ ಚಿತ್ರಗಳು, ಎಂದರೆ ೧೭೫ ಮಿಲಿಸೆಕೆಂಡುಗಳು, ಕಳೆದಿದ್ದುವು. ಟೆಲಿವಿಷನ್ನಿನ ‘ಗೇಮ್ ಮೋಡ್’ ಅನ್ನು ಹಾಕಿ ಪುನಃ ಎಣಿಸಿದಾಗ ೧೮ ಚಿತ್ರಗಳು, ೭೫ ಮಿಲಿಸೆಕೆಂಡುಗಳು. ಆಟದ ಯಂತ್ರದ ವಿಳಂಬವೂ ಇದರಲ್ಲಿ ಸೇರಿದೆಯಾದರೂ, ನಡುವಣ ೧೦೦ ಮಿಲಿಸೆಕೆಂಡುಗಳ ಅಂತರವು ಕೇವಲ ಟೆಲಿವಿಷನ್ನಿನದು. ಬಂದ ಚಿತ್ರವನ್ನು ತಿದ್ದಿ ತೀಡಿ ‘ಸುಂದರ’ಗೊಳಿಸುವುದರಲ್ಲಿ ಅದು ಈ ಕಾಲವನ್ನು ವ್ಯಯಿಸುತ್ತಿತ್ತು. ಗಂಟೆಗೆ ೧೦೦ ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡು ಅಷ್ಟರಲ್ಲಿ ೨.೮ ಮೀಟರ್ ಮುಂದೆ ಸಾಗಿರುತ್ತದೆ. ಈ ವಿಳಂಬದ ಸಂಖ್ಯೆಯೂ ಪೆಟ್ಟಿಗೆಯ ಮೇಲೆ ಇರಲಿಲ್ಲ.

ಪೆಟ್ಟಿಗೆಯ ಮೇಲೆ ಕಾಣುವ ಹರ್ಟ್ಸ್ ಸಂಖ್ಯೆಯಲ್ಲಿಯೂ ಎಚ್ಚರಿಕೆ ಬೇಕು. ಪರದೆಯು ಸೆಕೆಂಡಿಗೆ ನಿಜವಾಗಿ ಎಷ್ಟು ಸಲ ಹೊಸ ಚಿತ್ರವನ್ನು ತೋರಬಲ್ಲುದೆಂಬುದು ಒಂದು; ‘ಮೋಷನ್ ರೇಟ್’ ಮುಂತಾದ ಹೆಸರಿನಲ್ಲಿ ಹಿಗ್ಗಿಸಿ ಹೇಳುವುದು ಇನ್ನೊಂದು. ನಿಜವಾದ ೧೨೦ ಹರ್ಟ್ಸ್ ಉಪಯುಕ್ತವಾದುದೇ. ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು. ೬೦ ಅನ್ನು ೨೪ರಿಂದ ಭಾಗಿಸಿದರೆ ಎರಡೂವರೆ ಬರುವುದರಿಂದ ಒಂದು ಚಿತ್ರ ಮೂರು ಸಲ, ಮತ್ತೊಂದು ಎರಡು ಸಲ ತೋರಿ ನಡಿಗೆಯು ಕುಂಟುತ್ತದೆ. ೧೨೦ ಆದರೆ ಪ್ರತಿಯೊಂದಕ್ಕೂ ಸರಿಯಾಗಿ ಐದು. ಆಟದಲ್ಲಿ ಪರದೆಯನ್ನು ಎರಡು ಸೆಕೆಂಡುಗಳಲ್ಲಿ ದಾಟುವ ಕಾರು ೬೦ ಹರ್ಟ್ಸ್‌ನಲ್ಲಿ ಚಿತ್ರಚಿತ್ರಕ್ಕೂ ೩೨ ಚಿತ್ರಕಣಗಳನ್ನು ಹಾರುತ್ತದೆ. ಅದನ್ನು ಹಿಂಬಾಲಿಸುವ ಕಣ್ಣಿಗೆ ಅಷ್ಟಗಲದ ಮಸುಕು ತೋರುತ್ತದೆ. ಓಡುವ ವಸ್ತುವಿನಲ್ಲಿ ೪ಕೆಯ ಸೂಕ್ಷ್ಮತೆ ಎಲ್ಲಿ ಉಳಿಯಿತು? ೧೨೦ರಲ್ಲಿ ಈ ಮಸುಕು ಅರ್ಧವಾಗುತ್ತದೆ. ಆದರೆ ೨೦೨೦ರಲ್ಲಿ ಬಂದ ಪ್ಲೇಸ್ಟೇಷನ್ ೫, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗಳಂಥ ಯಂತ್ರಗಳಿಂದ ೪ಕೆಯಲ್ಲಿ ೧೨೦ ಚಿತ್ರಗಳನ್ನು ಪಡೆಯಬೇಕಾದರೆ ಎಚ್‌ಡಿಎಂಐ ೨.೧ ಎಂಬ ಬಾಗಿಲೂ ಟೆಲಿವಿಷನ್ನಿನಲ್ಲಿರಬೇಕು. ಹಳೆಯ ಆಟದ ಯಂತ್ರವುಳ್ಳವರು ಇದಕ್ಕಾಗಿ ಹಣ ತೆರಬೇಕಾದುದಿಲ್ಲ.

ಹಾಗಾದರೆ ಕೊಳ್ಳುವವನು ಮಾಡಬೇಕಾದುದೇನು? ಮೊದಲನೆಯದಾಗಿ, ಅಂಗಡಿಗೆ ಹೋಗುವ ಮುನ್ನ ಕುಳಿತುಕೊಳ್ಳುವ ಸ್ಥಳದಿಂದ ಗೋಡೆಯವರೆಗೆ ಟೇಪು ಹಿಡಿಯಬೇಕು. ಚಲನಚಿತ್ರಕ್ಕೆ ಪರದೆಯು ಕಣ್ಣಿನೆದುರು ಸುಮಾರು ೩೦ ಡಿಗ್ರಿಯಷ್ಟು ಹರಡಿರುವುದು ಹಿತ. ಎಂಟು ಅಡಿಯಲ್ಲಿ ೪೩ ಅಂಗುಲದ್ದು ೨೨ ಡಿಗ್ರಿ, ೫೫ ಅಂಗುಲದ್ದು ೨೮ ಡಿಗ್ರಿ ಹರಡುತ್ತವೆ. ಎರಡನೆಯದಾಗಿ, ಪೂರ್ತಿ ಕಪ್ಪಾಗಿದ್ದು ನಡುವೆ ಒಂದು ಬಿಳಿಯ ಚುಕ್ಕೆಯಿರುವ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಕೊಂಡೊಯ್ದು, ಅಂಗಡಿಯಾತನನ್ನು ಕೇಳಿ ಯಂತ್ರವನ್ನು ‘ಸಿನಿಮಾ’ ವಿಧಾನಕ್ಕೆ ತಂದು, ಸಾಧ್ಯವಾದಷ್ಟು ಮಬ್ಬುಬೆಳಕಿನಲ್ಲಿ ಎರಡು ಮೂರು ಯಂತ್ರಗಳನ್ನು ಹೋಲಿಸಬೇಕು. ಯಾವುದು ಹೆಚ್ಚು ಕಪ್ಪೋ ಅದರ ಕಡೆಗೆ ವಾಲಬೇಕು. ಮೂರನೆಯದಾಗಿ, ಪಕ್ಕಕ್ಕೆ ಸರಿದು ನೋಡಬೇಕು. ವಿಎ ಪರದೆಗಳು ಓರೆಯಿಂದ ಪೇಲವವಾಗುತ್ತವೆ. ಮನೆಮಂದಿ ಕೋಣೆಯ ತುಂಬ ಹರಡಿ ಕುಳಿತುಕೊಳ್ಳುವವರಾದರೆ ಐಪಿಎಸ್ಸೇ ಮೇಲೆನಿಸಬಹುದು. ದ್ರವ ಸ್ಫಟಿಕ ಪರದೆಗಳಿಗೆ ಮೊದಲಿನಿಂದಲೂ ಅಂಟಿಕೊಂಡು ಬಂದ ಈ ಓರೆನೋಟದ ದೋಷವನ್ನು ತಗ್ಗಿಸುವುದರಲ್ಲಿ ನಮ್ಮ ನಾಡಿನ ಪಾಲೂ ಉಂಟು. ೧೯೭೭ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರೂ ಅವರ ಸಹೋದ್ಯೋಗಿಗಳೂ ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲುವೆಂದು ತೋರಿಸಿದರು. ಮುಂದೆ ಅಂಥ ಅಣುಗಳ ತೆಳುಪೊರೆಗಳು ಪರದೆಗಳ ನೋಟವನ್ನು ವಿಸ್ತರಿಸಲು ಬಳಕೆಗೆ ಬಂದುವು.

ಹಣದ ವಿಷಯದಲ್ಲಿ ಒಂದು ಅನುಕೂಲವಾಗಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ೩೨ ಅಂಗುಲಕ್ಕಿಂತ ದೊಡ್ಡ ಟೆಲಿವಿಷನ್‌ಗಳ ಮೇಲಣ ಜಿಎಸ್‌ಟಿ ತೆರಿಗೆಯು ಶೇಕಡಾ ೨೮ರಿಂದ ೧೮ಕ್ಕೆ ಇಳಿಯಿತು. ತೆರಿಗೆ ಸೇರಿ ೩೨,೦೦೦ ರೂಪಾಯಿಗಳಾಗುತ್ತಿದ್ದುದು ಈ ಲೆಕ್ಕದಲ್ಲಿ ೨೯,೫೦೦ ಆಗುತ್ತದೆ. ಉಳಿದ ಹಣವನ್ನು ಇನ್ನೂ ದೊಡ್ಡ ಪರದೆಗೆ ಹಾಕುವ ಬದಲು ಇನ್ನೂ ಒಳ್ಳೆಯ ಕಪ್ಪಿಗೆ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಈಗಾಗಲೇ ನನ್ನಂತೆ ಕೊಂಡು ಮೋಸಹೋದವರು ಪರದೆಯ ಹಿಂದೆ ಒಂದು ಮಂದವಾದ ದೀಪವನ್ನಿಡಬಹುದು. ಸುತ್ತ ಸ್ವಲ್ಪ ಬೆಳಕಿದ್ದರೆ ಬೂದುಬಣ್ಣವು ಕಣ್ಣಿಗೆ ಕಪ್ಪಾಗಿ ತೋರುತ್ತದೆ. ನಮ್ಮ ಮನೆಯ ಕಾಡಿನ ಮಂಜು ಅಷ್ಟರಮಟ್ಟಿಗೆ ತಿಳಿಯಾಗಿದೆ.

ಆದರೆ ಇಷ್ಟೆಲ್ಲ ಭಾರವನ್ನು ಕೊಳ್ಳುವವನ ಮೇಲೆಯೇ ಹೊರಿಸುವುದು ನ್ಯಾಯವೆ? ಕೇಂದ್ರದ ಇಂಧನ ದಕ್ಷತಾ ಬ್ಯೂರೋ ನೀಡುವ ನಕ್ಷತ್ರದ ಚೀಟಿಯಲ್ಲಿ ಯಂತ್ರವು ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ತನ್ನು ನುಂಗುವುದೆಂದು ಅಳೆದು ಬರೆದಿರುತ್ತದೆ. ಅದೇ ಬಗೆಯಲ್ಲಿ ಪರದೆಯ ಗರಿಷ್ಠ ಬೆಳಕು, ಕನಿಷ್ಠ ಬೆಳಕು, ಆಟದಲ್ಲಿನ ವಿಳಂಬ, ನಿಜವಾದ ಹರ್ಟ್ಸ್, ಈ ನಾಲ್ಕು ಸಂಖ್ಯೆಗಳನ್ನು ಅಳೆದು ಪೆಟ್ಟಿಗೆಯ ಮೇಲೆ ಅಚ್ಚು ಮಾಡಿಸುವುದು ಕಷ್ಟವಲ್ಲ. ಜನಕ್ಕೆ ಇವು ಅರ್ಥವಾಗುವುದಿಲ್ಲವೆಂದು ವ್ಯಾಪಾರಿಗಳು ಹೇಳಬಹುದು. ನಕ್ಷತ್ರಗಳನ್ನು ಎಣಿಸಿ ರೆಫ್ರಿಜಿರೇಟರ್ ಕೊಳ್ಳಲು ಕಲಿತ ಜನಕ್ಕೆ ಇದನ್ನು ಕಲಿಯುವುದು ಎಷ್ಟರ ಮಾತು? ಅಂಥ ಚೀಟಿ ಬರುವ ತನಕ ಕೊಳ್ಳುವವರು ತಾವೇ ಅಳೆಯಬೇಕು. ಬೇಕಾದ ಉಪಕರಣಗಳು ಒಂದು ಟೇಪು, ಒಂದು ಪೆನ್‌ಡ್ರೈವು, ಒಂದು ಮೊಬೈಲು. ಇವು ನಮ್ಮಲ್ಲಿ ಅನೇಕರ ಮನೆಗಳಲ್ಲಿ ಈಗಾಗಲೇ ಇವೆ.