ಮೊದಲ ಆಪರೇಟಿಂಗ್ ಸಿಸ್ಟಮ್: ನೆನಪು ಸಾಕು, ಇನ್ನು ಕಲಿಸೋಣ

ಹಳೇ ವಿದ್ಯಾರ್ಥಿಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಎರಡು ವಿಷಯಕ್ಕೆ ಬಂದು ನಿಲ್ಲುತ್ತೆ: ಹಾಸ್ಟೆಲ್ ಮೆಸ್ಸಿನ ಸಾಂಬಾರು ಮತ್ತು ಮೊದಲ ಸಲ ಮುಟ್ಟಿದ ಕಂಪ್ಯೂಟರು. ಸಾಂಬಾರಿನ ಬಗ್ಗೆ ಹೊಸದಾಗಿ ಹೇಳೋಕೆ ಏನೂ ಉಳಿದಿಲ್ಲ. ಕಂಪ್ಯೂಟರಿನ ಮಾತು ಬಂದಾಗ ಮಾತ್ರ ಎಲ್ಲರದ್ದೂ ಒಂದೇ ರಾಗ: 'ನಮ್ಮ ಕಾಲದಲ್ಲಿ ಡಾಸ್ ಇತ್ತಪ್ಪಾ. ಅದನ್ನ ಕಲಿತವರು ಗಟ್ಟಿಯಾದರು. ಈಗಿನ ಮಕ್ಕಳಿಗೆ ಏನು ಗೊತ್ತು, ಬರೀ ಫೋನು ಉಜ್ಜೋದು.' ಈ ಮಾತಿನಲ್ಲಿ ಅರ್ಧ ನಿಜ ಇದೆ, ಅರ್ಧ ನಮ್ಮ ವಯಸ್ಸಿನ ಮಬ್ಬು ಇದೆ. ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ನಷ್ಟ ಆಗೋದು ಇವತ್ತು ಮೊದಲ ಸೆಮಿಸ್ಟರಿನಲ್ಲಿ ಕೂತಿರುವ ನಮ್ಮ ತಮ್ಮ-ತಂಗಿಯರಿಗೆ.

ಮೊದಲು ನಿಜದ ಅರ್ಧ. 1990ರ ದಶಕದ ಕೊನೆಯಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ ಬೀದಿಗೊಂದು ಕಂಪ್ಯೂಟರ್ ಕ್ಲಾಸ್ ತಲೆಯೆತ್ತಿದ್ದವು. ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಯಲ್ಲಿ 'ಟೈಪಿಂಗ್ ಬಿಟ್ಟು ಇದನ್ನ ಕಲಿ' ಅಂತ ಮನೆಯವರು ಕಳಿಸೋರು. ಚಪ್ಪಲಿ ಹೊರಗೆ, ಒಳಗೆ ಎಸಿ. ಕಂಪ್ಯೂಟರಿಗೆ ಪ್ಲಾಸ್ಟಿಕ್ ಮುಸುಕು. ಮುಸುಕು ತೆಗೆದು ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ 'ಸಿ:\>' ಅಂತ ಒಂದು ಗುರುತು, ಅದರ ಪಕ್ಕ ಮಿಣಮಿಣ ಅನ್ನುವ ಗೆರೆ. ಅಷ್ಟೇ. ಅದು ಏನನ್ನೂ ತೋರಿಸುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ. ನೀನು ಏನಾದರೂ ಹೇಳು, ಆಮೇಲೆ ನೋಡೋಣ ಅನ್ನೋ ಹಾಗೆ ಸುಮ್ಮನೆ ಕಾಯುತ್ತಿತ್ತು.

ಡಿರ್, ಸಿಡಿ, ಎಂಡಿ, ಕಾಪಿ, ಡೆಲ್. ಈ ಐದಾರು ಪದಗಳಲ್ಲಿ ಒಂದು ಲೋಕವೇ ಇತ್ತು. ಫೈಲಿನ ಹೆಸರು ಎಂಟು ಅಕ್ಷರ ಮೀರಬಾರದು, ಚುಕ್ಕಿಯ ಆಮೇಲೆ ಮೂರು. ಹಾಗಾಗಿ 'ಲಕ್ಷ್ಮೀನಾರಾಯಣ' ಅನ್ನೋನು ಇಂಗ್ಲಿಷ್ ಅಕ್ಷರದಲ್ಲಿ ತನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸಿಕೊಂಡೇ ಕಂಪ್ಯೂಟರಿನೊಳಗೆ ಹೋಗಬೇಕಿತ್ತು. 'ಕಾಪಿ ಕಾನ್' ಕೊಟ್ಟು ನಾಲ್ಕು ಸಾಲು ಟೈಪ್ ಮಾಡಿ, ಎಫ್6 ಒತ್ತಿ ಎಂಟರ್ ಹೊಡೆದರೆ ಒಂದು ಫೈಲು ಹುಟ್ಟುತ್ತಿತ್ತು. ಡೆಲ್ ಕೊಟ್ಟರೆ ಮಾತಿಲ್ಲದೆ ಹೋಗುತ್ತಿತ್ತು. ರೀಸೈಕಲ್ ಬಿನ್ ಬಂದದ್ದು ವಿಂಡೋಸ್ 95ರಲ್ಲಿ. ಅಲ್ಲಿಯವರೆಗೆ ಮಾಡಿದ್ದುಣ್ಣೋ ಮಹಾರಾಯ. ಹಾರ್ಡ್ ಡಿಸ್ಕಿಗೆ 'ಎ' ಬಿಟ್ಟು 'ಸಿ' ಅಂತ ಯಾಕೆ ಹೆಸರು ಎಂದು ಇವತ್ತಿಗೂ ಜೂನಿಯರ್‌ಗಳು ಕೇಳ್ತಾರೆ. ಎ ಮತ್ತು ಬಿ ಫ್ಲಾಪಿಗಳ ಜಾಗ. ಫ್ಲಾಪಿ ಹೋಗಿ ಎಷ್ಟೋ ವರ್ಷವಾಯಿತು, ಅದರ ಸೀಟಿನ ಮೇಲೆ ಹಾಕಿದ ಟವೆಲ್ಲು ಮಾತ್ರ ವಿಂಡೋಸಿನಲ್ಲಿ ಹಾಗೇ ಇದೆ.

ಇದರಿಂದ ಸಿಕ್ಕಿದ್ದೇನು? ಯಂತ್ರದ ಅಂಚು ಎಲ್ಲಿದೆ ಅನ್ನೋದು ಕಣ್ಣಿಗೆ ಕಾಣುತ್ತಿತ್ತು. ಫೈಲು ಅಂದರೆ ಅದಕ್ಕೊಂದು ಜಾಗ ಇರುತ್ತೆ. ಪ್ರೋಗ್ರಾಮು ಕೂಡ ಒಂದು ಫೈಲೇ. ಡಾಸ್ ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಓಡಿಸುತ್ತೆ, ಅದು ಮುಗಿಯುವವರೆಗೆ ಬೇರೆ ಕೆಲಸ ಇಲ್ಲ. ಸಾಮಾನ್ಯ ಪ್ರೋಗ್ರಾಮುಗಳಿಗೆ ಸಿಗೋ ಮೆಮೊರಿ 640 ಕೆಬಿ. ದೊಡ್ಡ ಆಟವೊಂದು 'ಮೆಮೊರಿ ಸಾಲದು' ಅಂದರೆ ಕಾನ್ಫಿಗ್ ಡಾಟ್ ಸಿಸ್ ಮತ್ತು ಆಟೋಎಕ್ಸೆಕ್ ಡಾಟ್ ಬ್ಯಾಟ್ ತೆಗೆದು, ಬೇಡದ್ದನ್ನು ಬದಿಗೆ ಸರಿಸಿ, ಜಾಗ ಮಾಡಿಕೊಳ್ಳಬೇಕಿತ್ತು. ಬಾಡಿಗೆ ಮನೆಯಲ್ಲಿ ಅಟ್ಟ ಖಾಲಿ ಮಾಡಿ ನೆಂಟರಿಗೆ ಮಲಗೋಕೆ ಜಾಗ ಮಾಡಿದ ಹಾಗೆ. ಆಮೇಲೆ ಇಂಜಿನಿಯರಿಂಗ್ ಸೇರಿ ಯುನಿಕ್ಸ್ ಲ್ಯಾಬಿಗೆ ಬಂದಾಗ, ಒಂದೇ ಯಂತ್ರದಲ್ಲಿ ಹತ್ತಾರು ಪ್ರೋಸೆಸ್‌ಗಳು ಒಟ್ಟಿಗೆ ಬದುಕೋದು ಎಷ್ಟು ದೊಡ್ಡ ವಿಷಯ ಅಂತ ನಮಗೆ ತಕ್ಷಣ ಹೊಳೆಯಿತು. ಅದಿಲ್ಲದ ಬದುಕು ನೋಡಿದ್ದೆವಲ್ಲ.

ಲಿನಕ್ಸ್ ನಮ್ಮ ಹಾಸ್ಟೆಲಿಗೆ ಬಂದದ್ದು ಪಿಸಿ ಕ್ವೆಸ್ಟ್ ಪತ್ರಿಕೆಯ ಜತೆ ಸಿಗುತ್ತಿದ್ದ ಸಿಡಿಯಲ್ಲಿ. ಒಂದು ಸಂಚಿಕೆ ಇಡೀ ವಿಂಗ್ ಸುತ್ತುತ್ತಿತ್ತು. ಮುಂದೆ 2004ರಲ್ಲಿ ಉಬುಂಟು ಬಂತು. ಕೇಳಿದವರ ಮನೆಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಸಿಡಿ ಕಳಿಸೋರು, 2011ರವರೆಗೂ ಅದು ನಡೆಯಿತು. ಡಿಸ್ಕನ್ನು ಭಾಗ ಮಾಡುವ ಪರದೆ ಬಂದಾಗ ಕೋಣೆಯಲ್ಲಿದ್ದ ಆರು ಜನವೂ ಉಸಿರು ಬಿಗಿಹಿಡಿದು ಕೂರೋರು. ಪಾರ್ಟಿಷನ್, ಬೂಟ್‌ಲೋಡರ್, ಕರ್ನಲ್, ಡ್ರೈವರ್ ಅನ್ನೋ ಪದಗಳು ಪುಸ್ತಕದಲ್ಲಿ ಬರೋ ಮೊದಲೇ ಕೈಗೆ ಸಿಕ್ಕವು. ಕೈ ಕೆಸರಾದರೆ ಬಾಯಿ ಮೊಸರು ಅನ್ನೋದು ಆಪರೇಟಿಂಗ್ ಸಿಸ್ಟಮ್ ಪೇಪರಿನ ಮಟ್ಟಿಗೆ ಅಕ್ಷರಶಃ ಸತ್ಯ.

ಈಗ ಮಬ್ಬಿನ ಅರ್ಧ. ನೆನಪಿನ ಫೋಟೋದಲ್ಲಿ ನಾವೆಲ್ಲರೂ ಕೀಬೋರ್ಡಿನ ಮುಂದೆ ಕೂತಿದ್ದೇವೆ. ನಿಜದಲ್ಲಿ ಒಂದು ಕಂಪ್ಯೂಟರಿಗೆ ಮೂವರು. ಮಧ್ಯದ ಕುರ್ಚಿಯಲ್ಲಿ ಕೂರೋನು ಮನೆಯಲ್ಲೂ ಕಂಪ್ಯೂಟರ್ ಇದ್ದವನು. ಇನ್ನಿಬ್ಬರು ಹಿಂದೆ ನಿಂತು ರೆಕಾರ್ಡ್ ಬುಕ್ಕಿಗೆ ಔಟ್‌ಪುಟ್ ಬರೆದುಕೊಳ್ಳೋರು. ಸಂಜೆ ಲ್ಯಾಬ್ ತೆರೆದಿರುತ್ತಿತ್ತು ಅಂತ ಹೇಳ್ತೇವೆ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಅಷ್ಟರಲ್ಲಿ ಮುಚ್ಚಿರುತ್ತಿತ್ತು ಅಂತ ಹೇಳೋದಿಲ್ಲ. ರಾತ್ರಿಯಿಡೀ ಲಿನಕ್ಸ್ ಹಾಕಿದ ಕಥೆಗಳಲ್ಲಿ ನಮ್ಮ ಕ್ಲಾಸಿನ ಹುಡುಗಿಯರು ಯಾಕೆ ಇಲ್ಲ ಅನ್ನೋ ಪ್ರಶ್ನೆಗೆ ಉತ್ತರ ಆ ಗೇಟಿನಲ್ಲಿದೆ.

ಅದಕ್ಕಿಂತ ದೊಡ್ಡ ಗೇಟು ಭಾಷೆಯದ್ದು. ನಮ್ಮಲ್ಲಿ ಅರ್ಧದಷ್ಟು ಜನ ಕನ್ನಡ ಮಾಧ್ಯಮದಿಂದ ಬಂದವರು. 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್' ಅಂತ ಪರದೆ ಮೇಲೆ ಬಂದರೆ ಅದು ಮಾಹಿತಿ ಅನ್ನಿಸುತ್ತಿರಲಿಲ್ಲ, ಮೇಷ್ಟ್ರು ಬೈದ ಹಾಗೆ ಕೇಳಿಸುತ್ತಿತ್ತು. ಡಿರ್ ಅಂದರೆ 'ಡೈರೆಕ್ಟರಿ', ಎಂಡಿ ಅಂದರೆ 'ಮೇಕ್ ಡೈರೆಕ್ಟರಿ' ಅಂತ ಗೊತ್ತಿದ್ದವನಿಗೆ ಅದು ಮಾತು. ಗೊತ್ತಿಲ್ಲದವನಿಗೆ ಅದು ಮಂತ್ರ, ಬಾಯಿಪಾಠ ಮಾಡಬೇಕು, ಒಂದಕ್ಷರ ತಪ್ಪಿದರೆ ದೇವರು ಒಲಿಯಲ್ಲ. ಎಷ್ಟೋ ಜನ ಜಾಣರು ಮೊದಲ ವರ್ಷವೇ 'ಕಂಪ್ಯೂಟರ್ ನಮಗೆ ಆಗಿಬರಲ್ಲ' ಅಂತ ತೀರ್ಮಾನ ಮಾಡಿಬಿಟ್ಟರು. ಅವರಿಗೆ ಆಗಿಬರದೇ ಇದ್ದದ್ದು ಇಂಗ್ಲಿಷ್.

ಅವರಲ್ಲಿ ಹಲವರನ್ನು ಉಳಿಸಿದ್ದು ಪಕ್ಕದ ರೂಮಿನ ಸೀನಿಯರ್ ಕನ್ನಡದಲ್ಲಿ ಹೇಳಿದ ನಾಲ್ಕು ಮಾತು. ಪಾತ್ ಅಂದರೆ ಏನಣ್ಣಾ ಅಂದರೆ, 'ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಬಾಣಾವರದ ರಾಮಣ್ಣನ ಮನೆ ಅಂತೀಯಲ್ಲ, ಅದೇ ಕಣೋ. ದೊಡ್ಡದರಿಂದ ಚಿಕ್ಕದಕ್ಕೆ ಬಾ, ಮಧ್ಯೆ ಮಧ್ಯೆ ಒಂದು ಗೀಟು ಹಾಕು.' ಇಂಗ್ಲಿಷಿನಲ್ಲಿ ವಿಳಾಸ ಬರೆಯುವಾಗ ಮನೆ ಮೊದಲು, ಜಿಲ್ಲೆ ಕೊನೆಗೆ. ಕಂಪ್ಯೂಟರಿನ ಪಾತ್ ನಡೆಯೋದು ನಮ್ಮ ಕನ್ನಡದ ಮಾತಿನ ದಾರಿಯಲ್ಲೇ. ಇಷ್ಟು ಸುಲಭದ್ದನ್ನು ಕಷ್ಟ ಮಾಡಿದ್ದು ನಾವು ಕಲಿಸಿದ ರೀತಿ.

ಕಂಪ್ಯೂಟರಿನೊಳಗೆ ಕನ್ನಡ ಬಂದ ದಾರಿಯೂ ಒಂದು ಪಾಠ. ಬರಹ, ನುಡಿ ತಂತ್ರಾಂಶಗಳು ನಮಗೆ ಕನ್ನಡ ಟೈಪ್ ಮಾಡೋಕೆ ಕೊಟ್ಟವು. ಆದರೆ ಫೈಲಿನ ಹೆಸರನ್ನೇ ಕನ್ನಡದಲ್ಲಿ ಇಡೋಕೆ ಆಪರೇಟಿಂಗ್ ಸಿಸ್ಟಮ್ಮಿಗೇ ಯುನಿಕೋಡ್ ಗೊತ್ತಿರಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನೋ ಕನ್ನಡ ಫಾಂಟ್ ಇತ್ತು. ಆದರೂ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಸೆಟ್ಟಿಂಗ್ಸಿಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಿ ಸಿಡಿ ತುರುಕಬೇಕಿತ್ತು. 'ಕನ್ನಡ' ಅನ್ನೋ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯುನಿಕೋಡಿನಲ್ಲಿ ಐದು ಸಂಕೇತ: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 15. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದ 85 ಸಂಕೇತ. ಅಕ್ಷರ, ಸಂಕೇತ, ಬೈಟ್ ಮೂರೂ ಬೇರೆ ಬೇರೆ ಅನ್ನೋದನ್ನ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ವಿವರಿಸೋದು ಕಷ್ಟ, ಯಾಕೆಂದರೆ ಅಲ್ಲಿ ಮೂರೂ ಒಂದೇ ಥರ ಕಾಣುತ್ತೆ. ಕನ್ನಡದಲ್ಲಿ ಒಂದೇ ಪದದಲ್ಲಿ ಪಾಠ ಮುಗಿಯುತ್ತೆ.

ಇನ್ನು ಇವತ್ತಿನ ಮಾತು. ಈಗಿನ ಬಹುತೇಕ ಜೂನಿಯರ್‌ಗಳ ಮೊದಲ ಆಪರೇಟಿಂಗ್ ಸಿಸ್ಟಮ್ ಆಂಡ್ರಾಯ್ಡ್. ಅದರ ಒಳಗಿರೋದು ಲಿನಕ್ಸ್ ಕರ್ನಲ್ಲೇ. ನಾವು ಸಿಡಿಗಾಗಿ ತಿಂಗಳುಗಟ್ಟಲೆ ಕಾದದ್ದು ಅವರ ಜೇಬಿನಲ್ಲಿದೆ, ಆದರೆ ಅವರಿಗೆ ಕಾಣದ ಹಾಗೆ. ಫೋಟೋ ಗ್ಯಾಲರಿಯಲ್ಲಿರುತ್ತೆ, ಹಾಡು ಆಪಿನಲ್ಲಿರುತ್ತೆ, ನೋಟ್ಸ್ ವಾಟ್ಸಾಪಿನಲ್ಲಿರುತ್ತೆ. ಫೋಲ್ಡರ್ ಹುಡುಕಿದರೆ ಸಿಗುತ್ತೆ, ಹುಡುಕೋ ಪ್ರಸಂಗವೇ ಬರಲ್ಲ. ಹಾಗಾಗಿ ಮೊದಲ ಸಿ ಲ್ಯಾಬಿನಲ್ಲಿ 'ಸೇವ್ ಮಾಡಿದೆ ಸರ್, ಎಲ್ಲಿ ಹೋಯ್ತೋ ಗೊತ್ತಿಲ್ಲ' ಅನ್ನೋ ಹುಡುಗನನ್ನು ನೋಡಿ ನಗೋದು ಸರಿಯಲ್ಲ. ಫೋನನ್ನು ಮಾಡಿರೋದೇ ಅದು ಗೊತ್ತಾಗದ ಹಾಗೆ. ನಮ್ಮನ್ನು ಡಾಸ್ ಬಲವಂತವಾಗಿ ಕಲಿಸಿತು. ಅವರಿಗೆ ಆ ಬಲವಂತ ಇಲ್ಲ, ಹಾಗಾಗಿ ಯಾರಾದರೂ ಕೂರಿಸಿ ತೋರಿಸಬೇಕು.

ನಮ್ಮ ನೆನಪಿನ ಹುಚ್ಚು ಇನ್ನೊಂದು ಹಾನಿಯನ್ನೂ ಮಾಡ್ತಿದೆ. ಎಷ್ಟೋ ಕಾಲೇಜುಗಳ ಲ್ಯಾಬಿನಲ್ಲಿ ಇವತ್ತಿಗೂ ಡಾಸ್‌ಬಾಕ್ಸ್ ಒಳಗೆ ಟರ್ಬೊ ಸಿ ನೀಲಿ ಪರದೆ ತೆರೆಯುತ್ತೆ. ಅದನ್ನು ನೋಡಿದರೆ ನಮಗೆ ಕಣ್ಣು ತುಂಬುತ್ತೆ, ಸರಿ. ಆದರೆ ಅದು 16 ಬಿಟ್ ಕಾಲದ ಕಂಪೈಲರ್. ಅದರಲ್ಲಿ ಇಂಟ್ ಅಂದರೆ ಎರಡು ಬೈಟ್. ಒಂದು ಇಂಟ್ ಒಳಗೆ 40000 ಹಾಕಿ ಪ್ರಿಂಟ್ ಮಾಡಿದರೆ -25536 ಬರುತ್ತೆ. ಅದೇ ಪ್ರೋಗ್ರಾಮು ಇವತ್ತಿನ ಲ್ಯಾಪ್‌ಟಾಪಿನ ಜಿಸಿಸಿಯಲ್ಲಿ 40000 ಅಂತಲೇ ಕೊಡುತ್ತೆ. ಇದನ್ನು ಇತಿಹಾಸದ ಪಾಠವಾಗಿ ಒಂದು ಗಂಟೆ ತೋರಿಸಿದರೆ ಚೆನ್ನ. ಇಡೀ ಸೆಮಿಸ್ಟರ್ ಇದರಲ್ಲೇ ಕಲಿಸಿದರೆ, ಹುಡುಗರು ಈಗ ಎಲ್ಲೂ ಇಲ್ಲದ ಯಂತ್ರಕ್ಕೆ ಪ್ರೋಗ್ರಾಮ್ ಬರೆಯೋದು ಕಲಿತು ಹೊರಗೆ ಬರ್ತಾರೆ. ನಮ್ಮ ನೆನಪಿಗಾಗಿ ಅವರು ಬೆಲೆ ತೆರಬಾರದು.

'ಈ ಕ್ಲೌಡ್ ಕಾಲದಲ್ಲಿ ಇದೆಲ್ಲ ಯಾಕೆ? ಕೋಡನ್ನೇ ಎಐ ಬರೆದುಕೊಡುತ್ತೆ' ಅಂತ ಕೆಲವರು ಕೇಳ್ತಾರೆ. ಕ್ಲೌಡ್ ಅಂದರೆ ಬೇರೆ ಯಾರದ್ದೋ ಕೋಣೆಯಲ್ಲಿರುವ ಕಂಪ್ಯೂಟರು, ಅದರಲ್ಲಿ ಓಡೋದು ಹೆಚ್ಚಾಗಿ ಲಿನಕ್ಸೇ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲ 500ರಲ್ಲೂ ಲಿನಕ್ಸ್ ಇದೆ. ಇನ್ನು ಎಐ ಬರೆದುಕೊಟ್ಟ ಕೋಡು 'ಪರ್ಮಿಷನ್ ಡಿನೈಡ್' ಅಂತ ನಿಂತಾಗ, ಯಾರ ಪರ್ಮಿಷನ್, ಯಾವ ಫೈಲಿಗೆ ಅಂತ ಕೇಳೋಕೆ ಗೊತ್ತಿರಬೇಕಲ್ಲ? ಸರಿಯಾದ ಪ್ರಶ್ನೆ ಕೇಳೋಕೂ ಒಂದಿಷ್ಟು ಒಳಗಿನ ಪರಿಚಯ ಬೇಕು.

'ಕನ್ನಡದಲ್ಲಿ ಕಲಿತರೆ ಪ್ಲೇಸ್‌ಮೆಂಟಿನಲ್ಲಿ ಒದ್ದಾಡ್ತಾರೆ' ಅನ್ನೋದು ಇನ್ನೊಂದು ಆಕ್ಷೇಪ. ಕರ್ನಲ್, ಪ್ರೋಸೆಸ್, ಫೈಲ್ ಅನ್ನೋ ಪದಗಳನ್ನು ಬದಲಾಯಿಸಿ ಅಂತ ನಾವು ಹೇಳ್ತಿಲ್ಲ. ಅವು ಹಾಗೇ ಇರಲಿ, ಬಸ್ಸು ರೈಲಿನ ಹಾಗೆ ನಮ್ಮವೇ ಆಗಿವೆ. ವಿವರಣೆ ಕನ್ನಡದಲ್ಲಿರಲಿ ಅಂತಷ್ಟೇ. ವಿಷಯ ತಲೆಗೆ ಹೋದವನು ಇಂಗ್ಲಿಷಿನಲ್ಲಿ ಹೇಳೋದನ್ನ ಆರು ತಿಂಗಳಲ್ಲಿ ಕಲೀತಾನೆ. ವಿಷಯವೇ ತಲೆಗೆ ಹೋಗದವನಿಗೆ ಇಂಗ್ಲಿಷ್ ಇದ್ದೂ ಏನು ಹೇಳ್ತಾನೆ?

ಹಾಗಾಗಿ ನಮ್ಮ ಬೇಡಿಕೆ ಮೂರು. ಒಂದು, ಮೊದಲ ಸೆಮಿಸ್ಟರಿನ ಮೊದಲ ತಿಂಗಳಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಸಲ ತನ್ನ ಕೈಯಾರೆ ಒಂದು ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಲಿ. ಸ್ವಂತ ಲ್ಯಾಪ್‌ಟಾಪ್ ಹಾಳಾಗುವ ಭಯ ಬೇಡ. ಲ್ಯಾಬಿನ ಮೂಲೆಯಲ್ಲಿ ಗುಜರಿಗೆ ಕಾಯ್ತಿರೋ ಹಳೇ ಪಿಸಿಗಳಿವೆ, ವರ್ಚುವಲ್ ಮಷೀನ್ ಇದೆ, 8 ಜಿಬಿ ಪೆನ್‌ಡ್ರೈವ್ ಇದ್ದರೂ ಶುರು ಮಾಡಬಹುದು. ಎರಡು, ಕೀಬೋರ್ಡು ಹಂಚಿಕೆಗೆ ನಿಯಮ ಇರಲಿ: ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಮೊದಲು ಮಧ್ಯದ ಕುರ್ಚಿಗೆ. ಮತ್ತು ಇದು ಹಗಲು ಹೊತ್ತಿನಲ್ಲೇ ನಡೆಯಲಿ, ಯಾವ ಗೇಟೂ ಅಡ್ಡ ಬರಬಾರದು. ಮೂರು, ಪ್ರತಿ ಐದು ಜನಕ್ಕೆ ಕನ್ನಡದಲ್ಲಿ ವಿವರಿಸೋ ಒಬ್ಬ ಸೀನಿಯರ್.

ಮೂರನೆಯದಕ್ಕೆ ಕಾಲೇಜಿನ ಅನುಮತಿಯೂ ಬೇಕಿಲ್ಲ, ನಮ್ಮ ಸಂಘವೇ ಮಾಡಬಹುದು. ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿ, ಹಾಡು ಹಾಡಿ, ಕೋಸಂಬರಿ ಪಾನಕ ಹಂಚ್ತೇವೆ. ಅದೂ ಇರಲಿ. ಆದರೆ ಕನ್ನಡ ಮಾಧ್ಯಮದಿಂದ ಬಂದ ಒಬ್ಬ ಹುಡುಗಿ ಟರ್ಮಿನಲ್ ತೆರೆದು, ತನ್ನ ಹೆಸರನ್ನು ಎಲ್ಲೂ ಕತ್ತರಿಸದೆ ಪೂರ್ತಿ ಕನ್ನಡದಲ್ಲಿ ಬರೆದು ಒಂದು ಫೋಲ್ಡರ್ ಮಾಡೋ ಹಾಗೆ ಆದರೆ, ಅದು ನವೆಂಬರ್ ತಿಂಗಳಿಗೆ ಕಟ್ಟಿಹಾಕಬೇಕಿಲ್ಲದ ಕನ್ನಡದ ಕೆಲಸ. ಎರಡು ಮತ್ತು ಮೂರನೇ ವರ್ಷದವರು, ಒಂದು ಶನಿವಾರ ಬಿಡುವು ಮಾಡಿಕೊಳ್ಳಬಲ್ಲವರು, ಸಂಘದ ಪದಾಧಿಕಾರಿಗಳ ಹತ್ತಿರ ಹೆಸರು ಕೊಡಿ. ಹಳಬರಾದ ನಾವು ಪೆನ್‌ಡ್ರೈವ್ ತರ್ತೇವೆ. ಡಾಸ್ ಕಥೆಗಳನ್ನು ಊಟದ ಹೊತ್ತಿಗೆ ಇಟ್ಟುಕೊಳ್ತೇವೆ.