ದೋಟಿಗರಗಸವೂ ತಲೆಯ ಮೇಲಣ ತಂತಿಯೂ

ತೋಟದ ಕೆಲಸಕ್ಕೆ ಆಳುಗಳು ದೊರೆಯುವುದು ದುರ್ಲಭವಾದಂತೆಲ್ಲ ಆ ಸ್ಥಾನವನ್ನು ಯಂತ್ರಗಳು ತುಂಬುತ್ತಿವೆ. ಉದ್ದನೆಯ ಕೋಲಿನ ತುದಿಗೆ ಸಣ್ಣದೊಂದು ಸರಪಳಿ ಗರಗಸವನ್ನು ಜೋಡಿಸಿ, ಬ್ಯಾಟರಿಯ ಬಲದಿಂದ ಓಡಿಸುವ ದೋಟಿಗರಗಸವು ಅವುಗಳಲ್ಲೊಂದು. ನೆಲದ ಮೇಲೆ ನಿಂತೇ ಮಾವು ಹಲಸುಗಳ ಎತ್ತರದ ಕೊಂಬೆಗಳನ್ನು ಇದರಿಂದ ಕತ್ತರಿಸಬಹುದು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡಿರುವ ನಮ್ಮ ಹಳ್ಳಿಗಳಿಗೆ ಇದು ಬೇಕಾದ ಉಪಕರಣವೇ ಸರಿ. ವಿದ್ಯುತ್ತಿನ ಸರಪಳಿ ಗರಗಸವೇನೂ ಹೊಸತಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲನು 1926ರಲ್ಲಿಯೇ ಅಂಥದೊಂದನ್ನು ನಿರ್ಮಿಸಿದ್ದನು. ಅದನ್ನು ಹಿಡಿಯಲು ಇಬ್ಬರು ಬೇಕಾಗಿದ್ದರು!

ಇದನ್ನು ಕಂಡೊಡನೆ ನಾವು ಅಂಜುವುದು ಇದರ ಹಲ್ಲುಗಳಿಗೆ. ಆ ಅಂಜಿಕೆ ಅಕಾರಣವಲ್ಲ. ಓಡುತ್ತಿರುವ ಸರಪಳಿಯ ಮೂತಿಯ ಮೇಲ್ಭಾಗವು ಮರಕ್ಕೆ ತಗುಲಿದರೆ ಗರಗಸವು ಹಿಂದಕ್ಕೆ ಚಿಮ್ಮುತ್ತದೆ. ನೇರ ಕೆಳಗೆ ನಿಂತವನ ಮೇಲೆ ಕೊಂಬೆಯೇ ಬೀಳುತ್ತದೆ. ಆದುದರಿಂದ ಹೆಲ್ಮೆಟ್ಟನ್ನೂ ರಕ್ಷಣಾ ಕನ್ನಡಕವನ್ನೂ ಧರಿಸಿ, ಕೋಲನ್ನು ಓರೆಯಾಗಿ ಹಿಡಿಯಬೇಕು. ಭಾರವಾದ ಕೊಂಬೆಯನ್ನು ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಅನಂತರ ಮೇಲಿನಿಂದ ಕತ್ತರಿಸಬೇಕು. ಇಷ್ಟನ್ನು ಅಂಗಡಿಯವನೂ ಹೇಳಿಯಾನು.

ಆದರೆ ನನ್ನ ಅಭಿಪ್ರಾಯದಲ್ಲಿ, ಈ ಉಪಕರಣದ ಹಲ್ಲಿಗಿಂತ ಅದರ ಉದ್ದವೇ ಹೆಚ್ಚು ಭಯಂಕರ. ಹೊಲ ತೋಟಗಳ ಮೇಲೆ ಹಾದುಹೋಗುವ 11,000 ವೋಲ್ಟಿನ ತಂತಿಗಳಿಗೆ ಸಾಮಾನ್ಯವಾಗಿ ಯಾವ ಹೊದಿಕೆಯೂ ಇರುವುದಿಲ್ಲ. ಅಲ್ಯೂಮಿನಿಯಮ್ ಕೋಲು ವಿದ್ಯುದ್ವಾಹಕವೆಂಬುದನ್ನು ಎಲ್ಲರೂ ಬಲ್ಲರು. ಮಲೆನಾಡಿನಲ್ಲಿ ಅಡಕೆಯ ಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯ ಸಂಗತಿಯೇನು? ಅದು ಲೋಹವಲ್ಲ, ಆದುದರಿಂದ ನಿರಪಾಯವೆಂದು ಭಾವಿಸುವುದು ಪ್ರಾಣಾಂತಿಕವಾದ ಭ್ರಮೆ. ಹಳೆಯ ಟಾರ್ಚ್ ಸೆಲ್ಲನ್ನು ಒಡೆದು ನೋಡಿದ ವಿದ್ಯಾರ್ಥಿಗಳು ಅದರ ನಡುವಣ ಕರಿಯ ಕಡ್ಡಿಯನ್ನು ಸ್ಮರಿಸಿಕೊಳ್ಳಲಿ. ಅಲ್ಲಿ ವಿದ್ಯುತ್ತನ್ನು ಒಯ್ಯುವುದು ಇಂಗಾಲವೇ. ಈ ದೋಟಿಯ ಎಳೆಗಳೂ ಇಂಗಾಲವೇ. ರಸ ತುಂಬಿದ ಹಸಿ ಕೊಂಬೆಯನ್ನೂ ನಂಬುವಂತಿಲ್ಲ.

ಓಮನ ನಿಯಮವನ್ನು ಇಲ್ಲಿಗೆ ಅನ್ವಯಿಸಿ ನೋಡೋಣ. ಎರಡು ತಂತಿಗಳ ನಡುವೆ 11,000 ವೋಲ್ಟ್ ಇದ್ದರೆ, ಒಂದು ತಂತಿಗೂ ನೆಲಕ್ಕೂ ನಡುವೆ ಸುಮಾರು 6,350 ವೋಲ್ಟ್ ಇರುತ್ತದೆ. ದೇಹ ಮತ್ತು ನೆಲಗಳ ಒಟ್ಟು ರೋಧ 10,000 ಓಮ್ ಎಂದು ಉದಾರವಾಗಿ ಎಣಿಸಿದರೂ 0.6 ಆಂಪಿಯರಿಗೆ ಮಿಕ್ಕ ವಿದ್ಯುತ್ತು ಹರಿಯುತ್ತದೆ. ಎದೆಯ ಮೂಲಕ ಹರಿದರೆ ಹೃದಯದ ಲಯ ಕೆಡಲು 0.1 ಆಂಪಿಯರ್ ಸಾಕು. ಬ್ಯಾಟರಿಯ ಗರಗಸಕ್ಕೆ ತಂತಿಯೇ ಇಲ್ಲವಲ್ಲ ಎಂಬ ಸಮಾಧಾನವು ಇಲ್ಲಿ ನಿರರ್ಥಕ. ಕೊಲ್ಲುವುದು ಬ್ಯಾಟರಿಯ ವಿದ್ಯುತ್ತಲ್ಲ. ರಬ್ಬರಿನ ಚಪ್ಪಲಿಯೂ ಈ ಒತ್ತಡಕ್ಕೆ ಅಡ್ಡಿಯಾಗದು.

ಈ ಎಚ್ಚರಿಕೆಯು ಕೈಪಿಡಿಯ ಒಳಪುಟದಲ್ಲಿ ಅಡಗಿದ್ದರೆ ಪ್ರಯೋಜನವಿಲ್ಲ. ಉದ್ದನೆಯ ಪ್ರತಿಯೊಂದು ದೋಟಿಯ ಮೇಲೂ ಕೈಹಿಡಿಯುವ ಎಡೆಯಲ್ಲಿಯೇ ಅದನ್ನು ಕನ್ನಡದಲ್ಲಿ ಅಚ್ಚೊತ್ತುವುದನ್ನು ಕಡ್ಡಾಯ ಮಾಡಬೇಕು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮವು, 50,000 ವೋಲ್ಟಿನವರೆಗಿನ ತಂತಿಗಳಿಂದ ತರಬೇತಿಯಿಲ್ಲದವನೂ ಅವನ ಕೈಯಲ್ಲಿರುವ ಉದ್ದನೆಯ ವಸ್ತುವೂ ಕನಿಷ್ಠ 10 ಅಡಿ ದೂರವಿರಬೇಕೆಂದು ವಿಧಿಸುತ್ತದೆ. ಈ ಅಂತರವನ್ನು ದೋಟಿಯ ತುದಿಯಿಂದ ಅಳೆಯಬೇಕು, ಮನುಷ್ಯನ ಕಾಲಿನಿಂದಲ್ಲ. ಕೊಂಬೆ ಬೀಳುವಾಗ ಓಲಾಡುವ ದೂರವನ್ನೂ ಲೆಕ್ಕಕ್ಕೆ ಸೇರಿಸಬೇಕು.

ತಂತಿಯ ಸಮೀಪದ ಕೊಂಬೆಯನ್ನು ಕಡಿಯುವುದು ಮನೆಯವರ ಕೆಲಸವೇ ಅಲ್ಲ. ನಮ್ಮ ರಾಜ್ಯದಲ್ಲಿ 1912ಕ್ಕೆ ದೂರವಾಣಿ ಮಾಡಿದರೆ ವಿದ್ಯುತ್ ಸರಬರಾಜು ಕಂಪನಿಗೆ ವಿಷಯವನ್ನು ತಿಳಿಸಬಹುದು. ಅವರು ಬರುವುದು ತಡವಾದರೆ ಕೊಂಬೆ ಇನ್ನೆರಡು ದಿನ ಅಲ್ಲಿಯೇ ಇರಲಿ. ದೋಟಿ ಈಗಾಗಲೇ ತಂತಿಗೆ ತಗುಲಿ ಯಾರಾದರೂ ಸಿಲುಕಿಕೊಂಡಿದ್ದರೆ, ಅವರನ್ನು ಎಳೆಯಲು ಓಡಬಾರದು. ಸುತ್ತಲಿನ ನೆಲದಲ್ಲಿಯೂ ವಿದ್ಯುತ್ತು ಹರಡಿರುತ್ತದೆ. ಅದೇ 1912ಕ್ಕೆ ತಿಳಿಸಿ, ಮಾರ್ಗವನ್ನು ಕಡಿತಗೊಳಿಸಿದ್ದೇವೆಂದು ಅವರು ಹೇಳಿದ ಬಳಿಕವೇ ಸಮೀಪಿಸಬೇಕು.