ಪಿನ್ ಕೇಳುವ ಅಂಗಡಿಯವರಿಗೂ ಹೇಳುವ ನಮಗೂ

"ಪಿನ್ ಹೇಳಿ ಮೇಡಂ."

ಬಟ್ಟೆ ಅಂಗಡಿ, ಮೆಡಿಕಲ್ ಶಾಪ್, ಪೆಟ್ರೋಲ್ ಬಂಕ್, ಹೋಟೆಲ್ಲು, ಎಲ್ಲಿ ಕಾರ್ಡ್ ಕೊಟ್ಟರೂ ಈ ಮಾತು ಕೇಳಿಬರುತ್ತದೆ. ನಿಮಗೂ ಇದು ಹೊಸದಲ್ಲ. ಕ್ಯಾಷಿಯರ್ ತಲೆ ಎತ್ತದೆ ಕೇಳುತ್ತಾನೆ, ನಾವು ತಡವರಿಸದೆ ಹೇಳುತ್ತೇವೆ. ಹಿಂದೆ ಸಾಲು ನಿಂತಿರುತ್ತದೆ, ಪಕ್ಕದಲ್ಲಿ ಬಟ್ಟೆ ಮಡಚಿ ಕವರಿಗೆ ತುಂಬುವ ಹುಡುಗ ಇರುತ್ತಾನೆ, ಗಲ್ಲಾಪೆಟ್ಟಿಗೆಯ ನೆತ್ತಿಯ ಮೇಲೆ ಸಿಸಿಟಿವಿ ಇರುತ್ತದೆ. ಗದ್ದಲದಲ್ಲಿ ಕೇಳಿಸದಿದ್ದರೆ "ಇನ್ನೊಂದ್ಸಲ ಹೇಳಿ" ಅನ್ನುತ್ತಾನೆ. ನಾವು ಇನ್ನೂ ಜೋರಾಗಿ ಹೇಳುತ್ತೇವೆ. ಒಬ್ಬರೂ ಹುಬ್ಬೇರಿಸುವುದಿಲ್ಲ.

ನನಗೆ ಸಿಟ್ಟು ಬರುವುದು ಇದಕ್ಕೇ. ಕಳ್ಳರ ಮೇಲಿನ ಸಿಟ್ಟು ಆಮೇಲಿನದು.

ಅಂಗಡಿಯವರಿಗೆ ಪಿನ್ ಗೊತ್ತಾಗಬಾರದೆಂದೇ ಎಷ್ಟು ಏರ್ಪಾಟು ಮಾಡಿದ್ದಾರೆ, ಸ್ವಲ್ಪ ನೋಡಿ. ಹಳೆಯ ಕಾರ್ಡುಗಳಿಗೆ ಬೆನ್ನ ಮೇಲಿನ ಕಪ್ಪು ಪಟ್ಟಿಯೇ ಗತಿಯಾಗಿತ್ತು. ಅದರಲ್ಲಿನ ವಿವರ ಎಂದೂ ಬದಲಾಗದು. ಒಮ್ಮೆ ಉಜ್ಜಿ ನಕಲು ತೆಗೆದರೆ ಇನ್ನೊಂದು ಕಾರ್ಡ್ ಸಿದ್ಧ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಬಿಲ್ಲಿಂಗ್ ವ್ಯವಸ್ಥೆಗೆ ಕಳ್ಳ ತಂತ್ರಾಂಶ ನುಗ್ಗಿಸಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದರು. 2016ರಲ್ಲಿ ನಮ್ಮ ದೇಶದಲ್ಲೇ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿರಬಹುದೆಂಬ ಸುದ್ದಿ ಬಂದು, ಬ್ಯಾಂಕುಗಳು ಕೆಲವರ ಕಾರ್ಡ್ ಬದಲಿಸಿಕೊಟ್ಟವು, ಕೆಲವರಿಗೆ ಪಿನ್ ಬದಲಿಸಿಕೊಳ್ಳಿ ಎಂದವು. ರಿಸರ್ವ್ ಬ್ಯಾಂಕ್ ಅದಕ್ಕೂ ಮೊದಲೇ, 2013ರ ಡಿಸೆಂಬರ್ 1ರಿಂದ, ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಬಳಸಲು ಪಿನ್ ಬೇಕೇ ಬೇಕು ಎಂದಿತ್ತು. ಬರೀ ಪಟ್ಟಿಯಿದ್ದ ಕಾರ್ಡುಗಳನ್ನೆಲ್ಲ 2018ರ ಡಿಸೆಂಬರ್ 31ರೊಳಗೆ ಚಿಪ್ ಕಾರ್ಡುಗಳಿಗೆ ಬದಲಿಸಬೇಕೆಂದು ಬ್ಯಾಂಕುಗಳಿಗೆ ಗಡುವನ್ನೂ ಕೊಟ್ಟಿತು.

ಚಿಪ್ ಆ ಪಟ್ಟಿಯ ಹಾಗಲ್ಲ. ಅದರೊಳಗಿನ ರಹಸ್ಯ ಕೀಲಿ ಚಿಪ್ಪಿನಿಂದ ಆಚೆ ಬರುವುದೇ ಇಲ್ಲ. ಪ್ರತಿ ಸಲ ಕಾರ್ಡ್ ಹಾಕಿದಾಗಲೂ ಆ ಒಂದು ವ್ಯವಹಾರಕ್ಕಷ್ಟೇ ಸಲ್ಲುವ ಹೊಸ ಸಂಕೇತ ಹುಟ್ಟುತ್ತದೆ. ಇವತ್ತಿನ ಸಂಕೇತ ಕದ್ದವನಿಗೆ ನಾಳೆ ಅದರಿಂದ ಉಪಯೋಗವಿಲ್ಲ. ಸ್ವೈಪಿಂಗ್ ಮಷಿನ್ನೂ ಅಷ್ಟೇ ಬಿಗಿ. ನೀವು ಒತ್ತಿದ ಪಿನ್ ಪರದೆಯ ಮೇಲೆ ಬರೀ ಚುಕ್ಕಿಗಳಾಗಿ ಕಾಣುತ್ತದೆ, ಮಷಿನ್ನಿನ ಒಳಗೇ ಗೂಢಲಿಪಿಗೆ ತಿರುಗುತ್ತದೆ, ಸ್ಲಿಪ್ಪಿನಲ್ಲಿ ಅಚ್ಚಾಗುವುದಿಲ್ಲ. ಯಾರಾದರೂ ಮಷಿನ್ ಬಿಚ್ಚಲು ಹೋದರೆ ಒಳಗಿನ ಕೀಲಿಗಳು ತಾವಾಗಿ ಅಳಿಸಿಹೋಗುವಂತೆ ಮಾಡಿರುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೆ ನಾವು ಪಿನ್ನನ್ನು ಕೌಂಟರಿನಲ್ಲಿ ನಿಂತು ಕೂಗುತ್ತೇವೆ! ಭದ್ರವಾದ ಬೀಗ ಹಾಕಿ ಬೀಗದಕೈಯನ್ನು ಅದೇ ಬಾಗಿಲಿಗೆ ನೇತುಹಾಕಿ ಹೋಗುವ ಬುದ್ಧಿವಂತಿಕೆ ಇದು.

ಚಿಪ್ಪಿನಲ್ಲೂ ಲೋಪವಿದೆ ಎಂದು ವಾದಿಸುವವರು ಇದ್ದಾರೆ. ಹೌದು, 2010ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ಡಿಗೂ ಮಷಿನ್ನಿಗೂ ನಡುವೆ ಒಂದು ಸಾಧನ ಸೇರಿಸಿ, ತಪ್ಪು ಪಿನ್ ಒತ್ತಿದರೂ ಮಷಿನ್ ಒಪ್ಪಿಕೊಳ್ಳುವಂತೆ ಮಾಡಿ ತೋರಿಸಿದ್ದರು. ಆದರೆ ಅದಕ್ಕೆ ಓದು ಬೇಕಿತ್ತು, ಉಪಕರಣ ಬೇಕಿತ್ತು, ತಲೆ ಬೇಕಿತ್ತು. ನಮ್ಮ ಅಂಗಡಿಗಳಲ್ಲಿ ಕಳ್ಳನಿಗೆ ಬೇಕಿರುವುದು ಕಿವಿ ಮಾತ್ರ.

ನಮ್ಮ ಬೀದಿಯ ಒಬ್ಬ ನಿವೃತ್ತ ಟೀಚರ್ ಮೊಮ್ಮಗಳ ನಾಮಕರಣಕ್ಕೆ ಸೀರೆ ತರಲು ಹೋಗಿದ್ದರು. ಪಿಂಚಣಿ ಬರುವ ಖಾತೆಯ ಡೆಬಿಟ್ ಕಾರ್ಡ್ ಕೊಟ್ಟರು. ಅಂಗಡಿಯವರು ಕೇಳಿದರು, ಇವರು ಪಿನ್ ಹೇಳಿದರು. ಬಿಲ್ಲಿನ ಜೊತೆ ಕಾರ್ಡೂ ವಾಪಸ್ ಬಂತು, ಪರ್ಸಿಗೆ ಹಾಕಿಕೊಂಡು ಮನೆಗೆ ಬಂದರು. ಬಂದದ್ದು ಅದೇ ಬ್ಯಾಂಕಿನ, ಅದೇ ಬಣ್ಣದ, ಇನ್ಯಾರದೋ ಕಾರ್ಡು. ಕಾರ್ಡಿನ ಮೇಲಿನ ಹೆಸರು ಓದಿ ಯಾರು ಪರ್ಸಿಗೆ ಇಡುತ್ತಾರೆ? ರಾತ್ರಿ ಎಟಿಎಂನಿಂದ ಹತ್ತತ್ತು ಸಾವಿರದಂತೆ ದುಡ್ಡು ಹೋಯಿತು. ಫೋನಿಗೆ ಮೆಸೇಜು ಬಂದಾಗ ಅವರು ನಿದ್ದೆಯಲ್ಲಿದ್ದರು.

ಬ್ಯಾಂಕಿನವರು ಕೇಳಿದ ಮೊದಲ ಪ್ರಶ್ನೆ, "ಪಿನ್ ಯಾರಿಗಾದ್ರೂ ಹೇಳಿದ್ರಾ ಅಮ್ಮಾ?" ಜೀವಮಾನವಿಡೀ ಮಕ್ಕಳಿಗೆ ನಿಜ ಹೇಳಿ ಎಂದು ಕಲಿಸಿದವರು, "ಅಂಗಡೀಲಿ ಹೇಳ್ದೆ, ಅವರೇ ಕೇಳಿದ್ರು" ಎಂದರು. ಅಲ್ಲಿಗೆ ಮುಗಿಯಿತು. ಅಂಗಡಿಗೆ ಹೋದರೆ, "ನಾವು ಕೇಳಿದ್ದಕ್ಕೆ ಪುರಾವೆ ಏನಿದೆ? ಕ್ಯಾಮೆರಾದಲ್ಲಿ ಮಾತು ರೆಕಾರ್ಡ್ ಆಗಲ್ಲ" ಎಂಬ ಉತ್ತರ ಸಿಕ್ಕಿತು. ಕಾರ್ಡ್ ಬದಲಿಸಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಇದರ ಹಿಂದಿನ ನಿಯಮವನ್ನು ಎಲ್ಲರೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಬ್ಯಾಂಕಿನ ತಪ್ಪೂ ಇಲ್ಲದೆ ನಿಮ್ಮ ತಪ್ಪೂ ಇಲ್ಲದೆ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆದ ಲೋಪದಿಂದ ಹಣ ಹೋದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಆದರೆ ಗ್ರಾಹಕರೇ ಗುಟ್ಟಿನ ವಿವರ ಹಂಚಿಕೊಂಡು ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದಷ್ಟೂ ಗ್ರಾಹಕರ ತಲೆಗೇ. ಅಂದರೆ ಪಿನ್ ಕೇಳಿದ್ದು ಅಂಗಡಿ, ನಿರ್ಲಕ್ಷ್ಯದ ಪಟ್ಟ ನಿಮಗೆ. ಕೇಳಿದವನು ಮುಂದಿನ ಗಿರಾಕಿಯ ಕಡೆ ತಿರುಗುತ್ತಾನೆ, ಹೇಳಿದವರು ಬ್ಯಾಂಕಿನ ಬೆಂಚಿನ ಮೇಲೆ ಕೂತಿರುತ್ತಾರೆ.

ಅಂಗಡಿ ಮಾಲೀಕರೇ, ನಾನು ನಿಮ್ಮನ್ನು ಬಿಡುವುದಿಲ್ಲ. ಬೇರೆ ಎಲ್ಲದಕ್ಕೂ ಏನಾದರೊಂದು ನೆಪ ಹೇಳಬಹುದು, ಪಿನ್ ಕೇಳುವುದಕ್ಕೆ ನೆಪವೇ ಇಲ್ಲ. "ಮಷಿನ್ ವೈರು ಚಿಕ್ಕದು" ಅನ್ನುತ್ತೀರಿ. ಲಕ್ಷಗಟ್ಟಲೆ ಸುರಿದು ದೀಪ, ಕನ್ನಡಿ, ಎಸಿ ಹಾಕಿಸಿದವರಿಗೆ ಎರಡಡಿ ಉದ್ದದ ವೈರು ಭಾರವಾಯಿತೇ? "ರಶ್ ಇದೆ ಸಾರ್" ಅನ್ನುತ್ತೀರಿ. ಮಷಿನ್ ತಿರುಗಿಸಿ ಗಿರಾಕಿಯ ಮುಂದೆ ಇಡಲು ಎಷ್ಟು ಹೊತ್ತು ಬೇಕು? "ವಯಸ್ಸಾದವರಿಗೆ ಒತ್ತೋಕೆ ಬರಲ್ಲ" ಅನ್ನುತ್ತೀರಿ. ಹಾಗಿದ್ದರೆ ಕಾಯಿರಿ. ಸೀರೆ ತೋರಿಸುವಾಗ ಗಂಟೆಗಟ್ಟಲೆ ಇದ್ದ ತಾಳ್ಮೆ ದುಡ್ಡು ತೆಗೆದುಕೊಳ್ಳುವಾಗ ಎಲ್ಲಿಗೆ ಹೋಗುತ್ತದೆ?

"ನಮ್ಮ ಹುಡುಗರು ಕಳ್ಳರಲ್ಲ" ಎಂಬುದು ಇನ್ನೊಂದು ಮಾತು. ನಾನೂ ಒಪ್ಪುತ್ತೇನೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕಷ್ಟಪಟ್ಟು ದುಡಿಯುವ ಮಕ್ಕಳೇ. ಹಾಗಿರುವಾಗ ಬೇಡದ ಗುಟ್ಟನ್ನು ಅವರ ಕಿವಿಗೆ ಯಾಕೆ ತುರುಕುತ್ತೀರಿ? ಸಾಲಿನಲ್ಲಿ ನಿಂತ ಯಾರೋ ಕದ್ದರೂ ಪೊಲೀಸರು ಮೊದಲು ಕರೆಯುವುದು ಕೌಂಟರಿನಲ್ಲಿ ಕೂತ ಆ ಹುಡುಗನನ್ನೇ. ನಿಮ್ಮ ಸೋಮಾರಿತನಕ್ಕೆ ಅವನ ಮರ್ಯಾದೆಯನ್ನು ಅಡ ಇಡಬೇಡಿ.

ಇನ್ನು ನಮ್ಮ ಸರದಿ. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಜಗಳ ಕಾಯುವ ನಾವು ಕೌಂಟರಿನಲ್ಲಿ ಯಾಕೆ ಬಾಯಿ ಮುಚ್ಚಿಕೊಳ್ಳುತ್ತೇವೆ? "ಮಷಿನ್ ಕೊಡಿ, ನಾನೇ ಒತ್ತುತ್ತೇನೆ" ಎನ್ನಲು ಎಂಥ ಸಂಕೋಚ? ಅಂದರೆ ಅವರಿಗೆ ಬೇಜಾರಾದೀತು, ಹಿಂದಿನವರು ಗೊಣಗಿಯಾರು, ಜಿಪುಣ ಅಂದುಕೊಂಡಾರು ಎಂಬ ಅಳುಕು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಅಪ್ಪ ಅಮ್ಮನಿಗೆ ಪಾಠ ಹೇಳುವ ಮಕ್ಕಳೇ ಪೆಟ್ರೋಲ್ ಬಂಕಿನಲ್ಲಿ ಕಾರಿನ ಕಿಟಕಿ ಅರ್ಧ ಇಳಿಸಿ ಕಾರ್ಡ್ ಚಾಚಿ ಪಿನ್ ಕೂಗುವುದನ್ನು ದಿನಾ ನೋಡುತ್ತೇವೆ. ಹೋಟೆಲ್ಲಿನಲ್ಲಿ ಬಿಲ್ಲಿನ ಫೋಲ್ಡರಿನೊಳಗೆ ಕಾರ್ಡಿಟ್ಟು, ಪಿನ್ನನ್ನು ಅದೇ ಬಿಲ್ಲಿನ ಹಿಂದೆ ಬರೆದು ಕಳಿಸಿದವರನ್ನೂ ಕಂಡಿದ್ದೇನೆ. ಫೋನಿನಲ್ಲಿ ಅಪರಿಚಿತ ಕೇಳಿದರೆ ವಂಚನೆ, ಎದುರಿಗೆ ನಿಂತ ಅಪರಿಚಿತ ಕೇಳಿದರೆ ವ್ಯಾಪಾರ ಎಂದು ನಮಗೆ ಹೇಳಿಕೊಟ್ಟವರು ಯಾರು?

ಕ್ರೆಡಿಟ್ ಕಾರ್ಡ್ ತಾನೇ, ಖಾತೆಯ ದುಡ್ಡಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಅಂಗಡಿಯಲ್ಲಿ ಹೇಳಿದ ಪಿನ್ನೇ ಎಟಿಎಂಗೂ ಸಲ್ಲುತ್ತದೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ತೆಗೆದ ದಿನದಿಂದಲೇ ಬಡ್ಡಿ ಬೀಳುತ್ತದೆ. ಕದ್ದದ್ದು ಕಳ್ಳ, ಬಡ್ಡಿ ನಿಮ್ಮ ಹೆಸರಿಗೆ. ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರಲ್ಲಿ 10 ಕೋಟಿ ದಾಟಿತು. ಮೊದಲ ಸಲ ಕಾರ್ಡ್ ಹಿಡಿದವರು ಅಂಗಡಿಯಲ್ಲಿ ನಮ್ಮನ್ನು ನೋಡಿಯೇ ಕಲಿಯುತ್ತಾರೆ. ನಾವು ಕೂಗಿದರೆ ಅವರೂ ಕೂಗುತ್ತಾರೆ.

ಪರಿಹಾರಕ್ಕೆ ದೊಡ್ಡ ಪಟ್ಟಿ ಬೇಕಿಲ್ಲ. ಕಾರ್ಡ್ ನಿಮ್ಮ ಕಣ್ಣ ಮುಂದೆಯೇ ಇರಲಿ. ಮಷಿನ್ ಕೈಗೆ ತೆಗೆದುಕೊಳ್ಳಿ, ಮೊತ್ತ ನೋಡಿ, ಇನ್ನೊಂದು ಕೈ ಅಡ್ಡ ಹಿಡಿದು ನೀವೇ ಒತ್ತಿ. ವಾಪಸ್ ಬಂದ ಕಾರ್ಡಿನ ಮೇಲೆ ನಿಮ್ಮ ಹೆಸರೇ ಇದೆಯೇ ನೋಡಿ. 2021ರ ಜನವರಿಯಿಂದ 5,000 ರೂಪಾಯಿವರೆಗಿನ ಬಿಲ್ಲಿಗೆ ಕಾರ್ಡ್ ತಾಗಿಸಿದರೆ ಸಾಕು, ಪಿನ್ ಬೇಕಿಲ್ಲ. ಆ ಸೌಲಭ್ಯ ಬೇಡವಾದರೆ ಅದನ್ನು ಬ್ಯಾಂಕಿನ ಆ್ಯಪಿನಲ್ಲೇ ಬಂದ್ ಮಾಡಬಹುದು, ಎಟಿಎಂ ಮಿತಿಯನ್ನೂ ಅಲ್ಲೇ ಇಳಿಸಬಹುದು. ದುಡ್ಡು ಹೋದದ್ದು ಗೊತ್ತಾದ ಗಳಿಗೆಯಲ್ಲೇ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆದರೆ ಇವೆಲ್ಲ ಆಮೇಲೆ. ಅಂಗಡಿಯವರು ಕೇಳುವುದನ್ನು ನಿಲ್ಲಿಸದಿದ್ದರೆ ಎಷ್ಟು ಎಚ್ಚರಿಕೆ ಹೇಳಿದರೂ ಅದು ಗಾಳಿಗೆ ಹೋಗುವ ಮಾತು. ಮಷಿನ್ ಕೊಡುವ ಬ್ಯಾಂಕುಗಳೇ, ಯುಪಿಐ ಸ್ಟಿಕ್ಕರ್ ಅಂಟಿಸಲು ಬೀದಿ ಬೀದಿ ಸುತ್ತುವ ನಿಮ್ಮ ಹುಡುಗರು "ಇಲ್ಲಿ ಪಿನ್ ಕೇಳುವುದಿಲ್ಲ" ಎಂಬ ಕನ್ನಡದ ಚೀಟಿಯೊಂದನ್ನು ಅದೇ ಕೌಂಟರಿಗೆ ಅಂಟಿಸಲಾರರೇ? ವರ್ತಕರ ಸಂಘಗಳೇ, ಮುಂದಿನ ಸಭೆಯಲ್ಲಿ ಈ ಒಂದು ವಿಷಯ ಎತ್ತಿಕೊಳ್ಳಿ. ದಸರಾ, ದೀಪಾವಳಿ ಸೇಲಿನ ನೂಕುನುಗ್ಗಲಿನಲ್ಲಿ ಇನ್ನೊಬ್ಬ ಟೀಚರ್ ಪಿಂಚಣಿ ಕಳೆದುಕೊಂಡ ಮೇಲೆ ವಿಷಾದ ವ್ಯಕ್ತಪಡಿಸಿ ಏನು ಬಂತು?

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಈವರೆಗೆ ಯಾವುದಾದರೂ ಕೌಂಟರಿನಲ್ಲಿ ಪಿನ್ ಹೇಳಿದ್ದರೆ ಇವತ್ತೇ ಬದಲಿಸಿ. ನಾಳೆಯಿಂದ ಯಾರು ಕೇಳಿದರೂ ಹೇಳಬೇಡಿ. ಮಷಿನ್ ಕೈಗೆ ಕೊಡದ ಅಂಗಡಿಯಲ್ಲಿ ಸಾಮಾನು ಕೌಂಟರಿನ ಮೇಲೇ ಬಿಟ್ಟು, ಯಾಕೆ ಬಿಟ್ಟಿರೆಂದು ಸಾಲಿನಲ್ಲಿರುವವರಿಗೆಲ್ಲ ಕೇಳುವಂತೆ ಹೇಳಿ ಹೊರಡಿ. ಪಿನ್ ಕೂಗಲು ಇರುವ ಗಂಟಲು ಅಷ್ಟು ಹೇಳಲಿಕ್ಕೂ ಸಾಕು.